ಟೆಸ್ಟ್ ಆದ ಜಾರ್ ಒಂದು, ಪ್ರೊಡಕ್ಷನ್‌ಗೆ ಹೋದ ಜಾರ್ ಇನ್ನೊಂದು: ಸ್ಟೇಜ್‌ನಿಂದ ಸ್ಟೇಜ್‌ಗೆ ಬಿಲ್ಡ್ ದಾಟಿಸೋದು ಹೇಗೆ?

ಭದ್ರೆಯ_ದಡ · ಮಂಗಳವಾರ, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ತಲೆಯಲ್ಲಿ ಇದೇ ಕೊರೀತಿದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತಿದೀನಿ. ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮದು ಆರು ಜನರ ಟೀಮ್. ಜೆಂಕಿನ್ಸ್ ಪೈಪ್‌ಲೈನ್ (ಕೋಡ್ ಕಟ್ಟಿ ಸರ್ವರ್‌ಗೆ ಹಾಕೋ ಕೆಲಸನ ತಾನೇ ಮಾಡೋ ವ್ಯವಸ್ಥೆ), ನಾಲ್ಕು ಸ್ಟೇಜ್: ಬಿಲ್ಡ್ (ಕೋಡ್‌ನಿಂದ ಓಡೋ ಫೈಲ್ ಕಟ್ಟೋದು), ಟೆಸ್ಟ್, ಸ್ಟೇಜಿಂಗ್ (ಬಿಡುಗಡೆಗೆ ಮುಂಚೆ ಪರೀಕ್ಷಿಸೋ ಜಾಗ), ಪ್ರೊಡಕ್ಷನ್ (ಗ್ರಾಹಕರು ಬಳಸೋ ಜಾಗ). ಸ್ಪ್ರಿಂಗ್ ಬೂಟ್ (ಜಾವಾ) ಆ್ಯಪ್, ಅದನ್ನ ಕಟ್ಟಿದಾಗ ಸಿಗೋ ಜಾರ್ ಫೈಲ್ ಹತ್ತಿರ ಹತ್ತಿರ 180 ಎಂಬಿ. ಬಿಲ್ಡ್ ಸ್ಟೇಜ್‌ನಲ್ಲಿ ಜಾರ್ ಸ್ಟ್ಯಾಶ್ ಮಾಡಿ (ಜೆಂಕಿನ್ಸ್‌ನಲ್ಲಿ ತಾತ್ಕಾಲಿಕವಾಗಿ ಎತ್ತಿಟ್ಟು), ಮುಂದಿನ ಸ್ಟೇಜ್‌ಗಳಲ್ಲಿ ಅನ್‌ಸ್ಟ್ಯಾಶ್ ಮಾಡ್ತಿದ್ವಿ (ವಾಪಸ್ ತಗೋತಿದ್ವಿ). ಒಂದು ದಿನ ನೆಟ್‌ವರ್ಕ್ ಕೈಕೊಟ್ಟು ಪ್ರೊಡಕ್ಷನ್ ಸ್ಟೇಜ್ ಫೇಲ್ ಆಯ್ತು. ಮಾರನೇ ದಿನ ಅದೇ ಸ್ಟೇಜ್‌ನಿಂದ ರೀಸ್ಟಾರ್ಟ್ ಕೊಟ್ರೆ "ನೋ ಸಚ್ ಸೇವ್ಡ್ ಸ್ಟ್ಯಾಶ್" ಅಂತ ಬಂತು. ಗಡಿಬಿಡಿಯಲ್ಲಿ ನಮ್ಮವರೊಬ್ಬರು ಆ ಸ್ಟೇಜ್‌ನೊಳಗೇ ಇನ್ನೊಂದು "ಎಂವಿಎನ್ ಕ್ಲೀನ್ ಪ್ಯಾಕೇಜ್" (ಮೇವನ್ ಅನ್ನೋ ಬಿಲ್ಡ್ ಟೂಲ್‌ಗೆ ಜಾರ್ ಹೊಸದಾಗಿ ಕಟ್ಟು ಅನ್ನೋ ಆಜ್ಞೆ) ಸೇರಿಸಿದ್ರು. ಕೆಲಸ ಆಯ್ತು. ಆ ಸಾಲು ಅಲ್ಲೇ ಉಳೀತು. ರಿವ್ಯೂನಲ್ಲಿ ಒಪ್ಪಿಗೆ ಕೊಟ್ಟವಳು ನಾನೇ.

ಮೂರು ವಾರ ಏನೂ ಆಗಲಿಲ್ಲ. ಹೋದ ಶುಕ್ರವಾರ ಸಂಜೆ 5ಕ್ಕೆ ಸ್ಟೇಜಿಂಗ್‌ನಲ್ಲಿ ಕ್ಯೂಎ (ಪರೀಕ್ಷಿಸೋ ತಂಡ) ಓಕೆ ಅಂದ್ರು. 7 ಗಂಟೆಗೆ ಪ್ರೊಡಕ್ಷನ್‌ಗೆ ಹೋಯ್ತು. ಎಂಟೂವರೆಗೆ ಗ್ರಾಹಕರ ಫೋನ್: ಸಾವಿರ ರೂಪಾಯಿಗೆ ಶೇ 18 ಜಿಎಸ್‌ಟಿ ಸೇರಿ 1,180 ಬರಬೇಕಾದ ಕಡೆ ಬಿಲ್‌ನಲ್ಲಿ 1,179.99 ಬರ್ತಿದೆ ಅಂತ. ಗಿಟ್ (ಕೋಡ್‌ನ ಬದಲಾವಣೆ ದಾಖಲಿಸೋ ಟೂಲ್) ನೋಡಿದ್ರೆ ಸ್ಟೇಜಿಂಗ್‌ಗೂ ಪ್ರೊಡಕ್ಷನ್‌ಗೂ ಕಮಿಟ್, ಅಂದ್ರೆ ಕೋಡ್‌ನ ಆವೃತ್ತಿ, ಒಂದೇ. ರಾತ್ರಿ ಒಂದು ಗಂಟೆವರೆಗೂ ನಮ್ಮ ಕೋಡ್‌ನಲ್ಲೇ ತಪ್ಪು ಹುಡುಕಿದ್ವಿ.

ತಪ್ಪು ಇದ್ದದ್ದು ಬೇರೆ ಕಡೆ. ನಾವು ಬಳಸೋ ಒಂದು ಒಳಗಿನ ಲೈಬ್ರರಿ ಇನ್ನೂ ಸ್ನ್ಯಾಪ್‌ಶಾಟ್ ವರ್ಷನ್, ಅಂದ್ರೆ ಹೆಸರು ಅದೇ ಇದ್ದು ಒಳಗಿನದ್ದು ಬದಲಾಗ್ತಾ ಇರೋದು. ಇನ್ನೊಂದು ಟೀಮ್‌ನವರು ಸಂಜೆ 6:10ಕ್ಕೆ ಅದರ ಹೊಸ ಸ್ನ್ಯಾಪ್‌ಶಾಟ್ ಹಾಕಿದ್ರು. ಮೊದಲನೇ ಬಿಲ್ಡ್ ಹಳೇದನ್ನ ತಗೊಂಡಿತ್ತು, ಪ್ರೊಡಕ್ಷನ್ ಸ್ಟೇಜ್‌ನ ಬಿಲ್ಡ್ ಬೇರೆ ಏಜೆಂಟ್ (ಕೆಲಸ ಓಡೋ ಮಷೀನ್) ಮೇಲೆ ನಡೆದು ಹೊಸದನ್ನ ಎಳ್ಕೊಂಡಿತ್ತು. ಅಂದ್ರೆ ಯಾರೂ ಒಂದು ಸಲವೂ ಟೆಸ್ಟ್ ಮಾಡದ ಜಾರ್ ಗ್ರಾಹಕರ ಮುಂದೆ ಹೋಗಿ ಕೂತಿತ್ತು.

ನೀವೆಲ್ಲ ಒಂದು ಸ್ಟೇಜ್‌ನಿಂದ ಇನ್ನೊಂದಕ್ಕೆ ಬಿಲ್ಡ್ ಹೇಗೆ ದಾಟಿಸ್ತೀರಿ? ಸ್ಟ್ಯಾಶ್ ಬಿಡಬೇಕಾ? ಬಿಟ್ರೆ ಏನು ಮಾಡಬೇಕು?

ಹಳೇ_ಟರ್ಮಿನಲ್ · ರಾತ್ರಿ 11:20

ಭದ್ರೆ ಮೇಡಂ, ಕಾರಣ ಹುಡುಕಿದ್ದೀರಲ್ಲ, ಅರ್ಧ ಕೆಲಸ ಆಯ್ತು. ಎಷ್ಟೋ ಕಡೆ ಇಂಥದ್ದನ್ನ "ಎನ್ವಿರಾನ್‌ಮೆಂಟ್ ಇಶ್ಯೂ" ಅಂತ ಬರೆದು ಟಿಕೆಟ್ ಮುಚ್ಚಿಬಿಡ್ತಾರೆ.

ಮೊದಲು ಸ್ಟ್ಯಾಶ್ ವಿಷಯ. ಅದು ಒಂದೇ ರನ್ನಿನ ಒಳಗೆ ಸಣ್ಣಪುಟ್ಟ ಫೈಲ್ ದಾಟಿಸೋಕೆ ಇರೋದು. ರನ್ ಮುಗಿದ ಮೇಲೆ ಜೆಂಕಿನ್ಸ್ ಅದನ್ನ ಅಳಿಸಿಹಾಕುತ್ತೆ, ಅದಕ್ಕೇ ಮಾರನೇ ದಿನ ನಿಮಗೆ ಸಿಗಲಿಲ್ಲ. ಆಪ್ಷನ್ಸ್ ಬ್ಲಾಕ್‌ನಲ್ಲಿ "ಪ್ರಿಸರ್ವ್‌ಸ್ಟ್ಯಾಶಸ್" ಹಾಕಿದ್ರೆ ರೀಸ್ಟಾರ್ಟ್‌ಗೆ ಉಳಿಯುತ್ತೆ. ಎಷ್ಟು ರನ್ನಿನದ್ದು ಅಂತ ಬಿಲ್ಡ್‌ಕೌಂಟ್ ಕೊಡಬಹುದು, 50ರವರೆಗೆ. ಆದರೆ ನಿಮ್ಮ ಜಾರ್ 180 ಎಂಬಿ. ಸ್ಟ್ಯಾಶ್ ಅಂದ್ರೆ ಫೈಲನ್ನ ಟಾರ್ ಮಾಡಿ (ಒಂದೇ ಕಟ್ಟು ಮಾಡಿ), ಕಂಪ್ರೆಸ್ ಮಾಡಿ, ಕಂಟ್ರೋಲರ್‌ಗೆ (ಜೆಂಕಿನ್ಸ್‌ನ ಮುಖ್ಯ ಸರ್ವರ್) ಕಳಿಸೋದು. ಅನ್‌ಸ್ಟ್ಯಾಶ್ ಅಂದ್ರೆ ಪ್ರತಿ ಸಲ ಅಲ್ಲಿಂದ ವಾಪಸ್ ತರೋದು. ಹತ್ತು ಜಾಬ್ ಒಟ್ಟಿಗೆ ಓಡಿದ್ರೆ ಕಂಟ್ರೋಲರ್‌ನ ಸಿಪಿಯು ಇದಕ್ಕೇ ಸವೆದು ಹೋಗುತ್ತೆ. 5ರಿಂದ 100 ಎಂಬಿ ಹತ್ತಿರ ಬಂದಾಗಲೇ ಬೇರೆ ದಾರಿ ನೋಡಿ ಅಂತ ಜೆಂಕಿನ್ಸ್‌ನವರೇ ಬರೆದಿದ್ದಾರೆ.

ನಾನು ಮಾಡೋದು ಹೀಗೆ. ಬಿಲ್ಡ್ ಸ್ಟೇಜ್ ಜಾರ್ ಕಟ್ಟಿ, ನೆಕ್ಸಸ್‌ಗೆ (ಕಟ್ಟಿದ ಫೈಲ್ ಇಡೋ ಉಗ್ರಾಣ) ಒಂದೇ ಒಂದು ಸಲ ಹಾಕುತ್ತೆ. ವರ್ಷನ್‌ನಲ್ಲಿ ಬಿಲ್ಡ್ ನಂಬರ್ ಮತ್ತು ಕಮಿಟ್‌ನ ಮೊದಲ ಕೆಲವು ಅಕ್ಷರ ಇರುತ್ತೆ. ಮುಂದಿನ ಸ್ಟೇಜ್‌ಗಳಿಗೆ ದಾಟೋದು ಜಾರ್ ಅಲ್ಲ, ಎರಡೇ ಎರಡು ಚಿಕ್ಕ ಮಾಹಿತಿ: ಆ ವರ್ಷನ್ನಿನ ಹೆಸರು, ಅದರ ಶಾ-256 (ಫೈಲಿನ ಬೆರಳಚ್ಚಿನಂಥ ಗುರುತು). ಪ್ರತಿ ಸ್ಟೇಜ್ ಹೆಸರು ಹಿಡಿದು ನೆಕ್ಸಸ್‌ನಿಂದ ಇಳಿಸ್ಕೊಳ್ಳುತ್ತೆ, ಶಾ ಹೊಂದುತ್ತಾ ನೋಡುತ್ತೆ, ಹೊಂದದಿದ್ರೆ ಅಲ್ಲೇ ನಿಲ್ಲುತ್ತೆ. ರಿಲೀಸ್ ರೆಪಾಸಿಟರಿಯಲ್ಲಿ "ಡಿಸೇಬಲ್ ರೀಡಿಪ್ಲಾಯ್" ಹಾಕೋದು ಮರೀಬೇಡಿ. ಇಲ್ಲದಿದ್ರೆ ಅದೇ ಹೆಸರಿನ ಮೇಲೆ ಇನ್ನೊಂದು ಜಾರ್ ಬಂದು ಕೂರುತ್ತೆ, ಹೆಸರಿಗೆ ಬೆಲೆಯೇ ಇರಲ್ಲ.

ಇನ್ನೊಂದು, ಸ್ನ್ಯಾಪ್‌ಶಾಟ್. ಮೇವನ್ ಎನ್‌ಫೋರ್ಸರ್ ಪ್ಲಗಿನ್‌ನಲ್ಲಿ "ರಿಕ್ವೈರ್‌ರಿಲೀಸ್‌ಡೆಪ್ಸ್" ಅನ್ನೋ ನಿಯಮ ಇದೆ. ಅದನ್ನ ಹಾಕಿದ್ರೆ ಡಿಪೆಂಡೆನ್ಸಿಯಲ್ಲಿ (ಆ್ಯಪ್ ಬಳಸೋ ಲೈಬ್ರರಿಗಳಲ್ಲಿ) ಒಂದು ಸ್ನ್ಯಾಪ್‌ಶಾಟ್ ಇದ್ರೂ ಬಿಲ್ಡ್ ಮುರಿದು ಬೀಳುತ್ತೆ. ಬೀಳಲಿ.

ಕಡಲತಡಿ · ರಾತ್ರಿ 11:48

ನಮ್ಮ ಊರಲ್ಲಿ ಮದುವೆ ಅಡಿಗೆ ಭಟ್ಟರು ಒಂದು ಕ್ರಮ ಇಟ್ಟುಕೊಂಡಿದ್ದಾರೆ ಮಾರಾಯ್ರೆ. ಸಾರಿನ ಉಪ್ಪು ಹುಳಿ ನೋಡಿ ಆದ ಮೇಲೆ ಆ ಹಂಡೆಗೆ ಮತ್ತೆ ಯಾರೂ ಕೈ ಹಾಕುವ ಹಾಗಿಲ್ಲ, ಅದೇ ಹಂಡೆ ಪಂಕ್ತಿಗೆ ಹೋಗಬೇಕು. ಸಾಕಾಗಲಿಲ್ಲ ಅಂತ ಇನ್ನೊಂದು ಹಂಡೆ ಮಾಡಿದರೆ ಅದರದ್ದೂ ರುಚಿ ನೋಡಿಯೇ ಬಡಿಸುವುದು. ಸಾಮಾನು ಅದೇ ಅಂಗಡಿಯದ್ದು, ಭಟ್ಟರು ಅವರೇ, ಆದರೂ ನೋಡುತ್ತಾರೆ. ನಿಮ್ಮ ಪ್ರೊಡಕ್ಷನ್ ಸ್ಟೇಜ್‌ನಲ್ಲಿ ಆದದ್ದು ಆ ಎರಡನೇ ಹಂಡೆ.

ಧಾರವಾಡ_ಪೇಡೆ · ಬುಧವಾರ, ಬೆಳಿಗ್ಗೆ 8:05

ಅಕ್ಕಾರ, ನಮ್ಮ ಕಡೆ ಗಿಟ್‌ಲ್ಯಾಬ್ ಅದ, ಜೆಂಕಿನ್ಸ್‌ನಂಥಾದ್ದ. ಅಲ್ಲಿ ಒಂದು ಸ್ಟೇಜಿನ ಆರ್ಟಿಫ್ಯಾಕ್ಟ್ (ಕಟ್ಟಿದ ಫೈಲ್) ಮುಂದಿನ ಎಲ್ಲಾ ಸ್ಟೇಜಿಗೆ ತಾನ ಇಳೀತದ, ಅನ್‌ಸ್ಟ್ಯಾಶ್ ಅಂತ ಬ್ಯಾರೆ ಹೇಳೂದು ಬ್ಯಾಡ. ಆದ್ರ ಅದರೊಳಗೂ ನಾವು ಎರಡು ಕಡೆ ಎಡವಿದ್ವಿ, ನಿಮಗ ಉಪಯೋಗ ಆದೀತು ಅಂತ ಹೇಳ್ತೀನಿ.

ಒಂದನೇದು, ಕ್ಯಾಶ್ ಬ್ಯಾರೆ, ಆರ್ಟಿಫ್ಯಾಕ್ಟ್ ಬ್ಯಾರೆ. ನಮ್ಮ ಹುಡುಗ ಒಬ್ಬಾವ ಬಿಲ್ಡ್ ಆದ "ಡಿಸ್ಟ್" ಫೋಲ್ಡರ್ ಕ್ಯಾಶ್‌ನಾಗ ಇಟ್ಟು ಡಿಪ್ಲಾಯ್ ಜಾಬಿನಾಗ ತಗದಿದ್ದ. ಒಂದು ತಿಂಗಳು ಛಲೋ ನಡೀತು, ಯಾಕಂದ್ರ ಎರಡೂ ಜಾಬ್ ಒಂದ ರನ್ನರ್ (ಜಾಬ್ ಓಡೂ ಮಷೀನ್) ಮ್ಯಾಲೆ ಓಡ್ತಿದ್ವು. ಎರಡನೇ ರನ್ನರ್ ಬಂದ ದಿನ ಅಲ್ಲಿ ಹೋದ ವಾರದ ಕ್ಯಾಶ್ ಇತ್ತು, ಹೋದ ವಾರದ ಸೈಟ್ ಲೈವ್ ಆತು. ಎರರ್ ಇಲ್ಲ, ಏನಿಲ್ಲ. ಕ್ಯಾಶ್ ಇರೂದು ಕೆಲಸ ಲಗೂ ಆಗ್ಲಿ ಅಂತ, ನೋಡ್ ಮಾಡ್ಯೂಲ್ಸ್‌ನಂಥಾದ್ದು ಇಡಾಕ. ಅದು ಇದ್ರೂ ಇರಬಹುದು, ಇಲ್ಲದಿದ್ರೂ ಇರಬಹುದು. ಇಲ್ಲದಿದ್ರ ಕೆಲಸ ಕೆಡತದ ಅನ್ನೂ ಸಾಮಾನು ಆರ್ಟಿಫ್ಯಾಕ್ಟಿನಾಗ ಇರಬೇಕು.

ಎರಡನೇದು, ತಾನ ಇಳೀತದ ಅಂದ್ರ ಎಲ್ಲಾ ಇಳೀತದ. ಲಿಂಟ್ ಜಾಬ್‌ಗೂ 400 ಎಂಬಿ ಇಳೀತಿತ್ತು. "ಡಿಪೆಂಡೆನ್ಸೀಸ್" ಮುಂದ ಖಾಲಿ ಚೌಕ ಕಂಸ ಹಾಕಿದ್ವಿ, ನಿಂತಿತು. "ನೀಡ್ಸ್" ಬರದ್ರ ಅದರಾಗ ಹೆಸರಿಸಿದ ಜಾಬಿಂದು ಅಷ್ಟ ಬರ್ತದ.

ಇನ್ನ ಹಳೇ ಟರ್ಮಿನಲ್ ಸರ್ ಹೇಳಿದ ಹೆಸರು ದಾಟಿಸೂ ವಿಚಾರ. ಗಿಟ್‌ಲ್ಯಾಬ್‌ನಾಗ "ಡಾಟ್‌ಎನ್ವ್" ರಿಪೋರ್ಟ್ ಅಂತ ಅದ. ಬಿಲ್ಡ್ ಜಾಬ್ ಒಂದು ಸಣ್ಣ ಫೈಲಿನಾಗ ಇಮೇಜ್ ಡೈಜೆಸ್ಟ್ (ಆ್ಯಪ್ ಓಡಾಕ ಬೇಕಾದ್ದೆಲ್ಲಾ ಇರೂ ಕಟ್ಟಿನ ಶಾ) ಬರೀತದ, ಮುಂದಿನ ಜಾಬ್‌ಗೆ ಅದು ವೇರಿಯೇಬಲ್ ಆಗಿ ಸಿಗತದ. ನಮ್ಮಲ್ಲಿ ಈಗ ಸ್ಟೇಜಿಂದ ಸ್ಟೇಜಿಗೆ ಹೋಗೂದು ಆ ಒಂದು ಸಾಲು ಅಷ್ಟ.

ದೂರದೂರು · ಬುಧವಾರ, ಬೆಳಿಗ್ಗೆ 9:31

ಟೊರಾಂಟೊದಿಂದ ಬರೀತಿದೀನಿ, ಇಲ್ಲಿ ರಾತ್ರಿ ಬಹಳ ಆಗಿದೆ. ಒಂದು ಭಿನ್ನಾಭಿಪ್ರಾಯ ಇಡ್ತೀನಿ, ತಪ್ಪಿದ್ರೆ ತಿದ್ದಿ. ಮತ್ತೆ ಬಿಲ್ಡ್ ಮಾಡೋದೇ ತಪ್ಪು ಅಂತ ಯಾಕೆ? ಗಿಟ್ ಟ್ಯಾಗ್ (ಒಂದು ಕಮಿಟ್‌ಗೆ ಅಂಟಿಸಿದ ಹೆಸರು) ಇದೆ, ಲಾಕ್ ಫೈಲ್ (ಲೈಬ್ರರಿಗಳ ನಿಖರ ವರ್ಷನ್ ಪಟ್ಟಿ) ಇದೆ, "ಎನ್‌ಪಿಎಂ ಇನ್‌ಸ್ಟಾಲ್" ಬದಲು ಆ ಪಟ್ಟಿಯಂತೆಯೇ ಇಳಿಸೋ "ಎನ್‌ಪಿಎಂ ಸಿಐ" ಇದೆ, ಬೇಸ್ ಇಮೇಜ್ ಪಿನ್ ಆಗಿದೆ (ಒಂದೇ ವರ್ಷನ್‌ಗೆ ಕಟ್ಟಿಹಾಕಿದೆ). ಆಗ ಎಷ್ಟು ಸಲ ಕಟ್ಟಿದ್ರೂ ಒಂದೇ ತಾನೇ? ಆರ್ಟಿಫ್ಯಾಕ್ಟ್ ಸಂಗ್ರಹಕ್ಕೂ ದುಡ್ಡು ಬೇಕು. ಭದ್ರೆಯವರ ಸಮಸ್ಯೆ ಸ್ನ್ಯಾಪ್‌ಶಾಟ್‌ನದ್ದು, ಮರುಬಿಲ್ಡ್‌ನದ್ದಲ್ಲ.

ಹಳೇ_ಟರ್ಮಿನಲ್ · ಬುಧವಾರ, ಮಧ್ಯಾಹ್ನ 1:10

ಒಳ್ಳೇ ಪ್ರಶ್ನೆ. ಬಾಯಲ್ಲಿ ವಾದ ಮಾಡೋ ಬದಲು ಊಟಕ್ಕೆ ಮುಂಚೆ ಮಾಡಿ ನೋಡಿದೆ. ನನ್ನದೇ ಒಂದು ಚಿಕ್ಕ ಮೇವನ್ ಪ್ರಾಜೆಕ್ಟ್, ಸ್ನ್ಯಾಪ್‌ಶಾಟ್ ಒಂದೂ ಇಲ್ಲ. ಒಂದೇ ಕಮಿಟ್, ಒಂದೇ ಲ್ಯಾಪ್‌ಟಾಪ್, ಒಂದೇ ಜೆಡಿಕೆ. ಹತ್ತು ನಿಮಿಷ ಬಿಟ್ಟು ಎರಡು ಸಲ ಕಟ್ಟಿದೆ. ಶಾ-256 ತೆಗೆದ್ರೆ ಮೊದಲ ಅಕ್ಷರದಿಂದಲೇ ಬೇರೆ. ಎರಡೂ ಜಾರ್ ಬಿಚ್ಚಿ ಪಕ್ಕಪಕ್ಕ ಇಟ್ಟೆ. ಕ್ಲಾಸ್ ಫೈಲ್ ಎಲ್ಲ ಬೈಟ್‌ಗೆ ಬೈಟ್ ಒಂದೇ. ಬೇರೆ ಆಗಿದ್ದು ಜಾರ್ ಅನ್ನೋ ಜಿಪ್‌ನೊಳಗೆ ಪ್ರತಿ ಫೈಲ್‌ಗೂ ಬರೆದಿಡೋ ಸಮಯ.

ಪಾಮ್ ಫೈಲ್‌ನಲ್ಲಿ (ಮೇವನ್‌ನ ಸೆಟ್ಟಿಂಗ್ ಫೈಲ್) "ಪ್ರಾಜೆಕ್ಟ್ ಡಾಟ್ ಬಿಲ್ಡ್ ಡಾಟ್ ಔಟ್‌ಪುಟ್‌ಟೈಮ್‌ಸ್ಟ್ಯಾಂಪ್" ಅಂತ ಪ್ರಾಪರ್ಟಿಗೆ ಒಂದು ನಿಗದಿ ದಿನಾಂಕ ಕೊಟ್ಟು ಮತ್ತೆ ಎರಡು ಸಲ ಕಟ್ಟಿದೆ. ಈ ಸಲ ಶಾ ಒಂದೇ ಬಂತು. ಆದ್ದರಿಂದ ನಿಮ್ಮ ಮಾತು ಅಸಾಧ್ಯ ಅಲ್ಲ. ಡೆಬಿಯನ್ ಲಿನಕ್ಸ್‌ನವರು 2013ರಿಂದ ಇದೇ ಗುರಿ ಇಟ್ಟುಕೊಂಡು, ಯಾರು ಎಲ್ಲಿ ಕಟ್ಟಿದ್ರೂ ಒಂದೇ ಬೈಟ್ ಬರೋ ಹಾಗೆ ಪ್ಯಾಕೇಜ್‌ಗಳನ್ನ ತಿದ್ದುತ್ತಾ ಬಂದಿದ್ದಾರೆ. ನನಗೆ ಆ ಕೆಲಸದ ಮೇಲೆ ತುಂಬಾ ಗೌರವ ಇದೆ.

ಆದರೆ ನೋಡಿ, ಆ ಪ್ರಾಪರ್ಟಿ ಹಾಕೋ ತನಕ "ಎರಡೂ ಒಂದೇ" ಅನ್ನೋದಕ್ಕೆ ನನ್ನ ಹತ್ತಿರ ಸಾಕ್ಷಿ ಇರಲಿಲ್ಲ, ನಂಬಿಕೆ ಇತ್ತು ಅಷ್ಟೇ. ಮರುಬಿಲ್ಡ್ ಒಂದೇ ಬೈಟ್ ಕೊಡುತ್ತೆ ಅಂತ ತೋರಿಸಬೇಕು ಅಂದ್ರೆ ಮೊದಲನೇದರ ಶಾ ಬೇಕು, ಅದನ್ನ ಹೋಲಿಸಬೇಕು. ಅಷ್ಟು ಮಾಡೋ ಹೊತ್ತಿಗೆ ಮೊದಲನೇದನ್ನೇ ಹೊತ್ತು ತರಬಹುದಿತ್ತು. ಮರುಬಿಲ್ಡ್ ಅನ್ನು ತಪಾಸಣೆಗೆ ಬಳಸಿ, ಡಿಪ್ಲಾಯ್‌ಗೆ ಬೇಡ.

ರಾತ್ರಿಪಾಳಿ · ಬುಧವಾರ, ರಾತ್ರಿ 11:58

ದೂರದೂರು ಅವರೇ, ಟ್ಯಾಗ್ ಇದ್ರೆ ಸಾಕು ಅನ್ನೋದಕ್ಕೆ ನಾನು ಎಕ್ಸ್‌ಝಡ್ (ಲಿನಕ್ಸ್‌ನಲ್ಲಿ ಫೈಲ್ ಕುಗ್ಗಿಸೋ ಟೂಲ್) ಪ್ರಕರಣ ನೆನಪಿಸ್ತೀನಿ. 2024ರ ಮಾರ್ಚ್ 29ಕ್ಕೆ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಇಂಜಿನಿಯರ್ ಅದರಲ್ಲಿ ಅಡಗಿಸಿಟ್ಟಿದ್ದ ಹಿಂಬಾಗಿಲನ್ನ ಬಯಲು ಮಾಡಿದ್ರು. ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಹೋಗೋ) ಲಾಗಿನ್ ಅರ್ಧ ಸೆಕೆಂಡ್‌ನಷ್ಟು ನಿಧಾನ ಆಗಿದ್ದನ್ನ ಗಮನಿಸಿ, ಬೆನ್ನು ಹತ್ತಿ ಹೋಗಿ ಹಿಡಿದದ್ದು. 5.6.0 ಮತ್ತು 5.6.1 ವರ್ಷನ್‌ಗಳ ರಿಲೀಸ್ ಟಾರ್ ಫೈಲ್‌ನಲ್ಲಿ, ಹಿಂಬಾಗಿಲನ್ನ ಬಿಲ್ಡ್‌ನೊಳಗೆ ಎಳೆದು ತರೋ ಒಂದು ಎಂ4 ಸ್ಕ್ರಿಪ್ಟ್ ಇತ್ತು. ಗಿಟ್‌ನಲ್ಲಿ ಆ ರೂಪದಲ್ಲಿ ಅದು ಇರಲೇ ಇಲ್ಲ. ಗಿಟ್ ಓದಿದವರಿಗೆ ಕಾಣದ್ದು ಟಾರ್ ಇಳಿಸಿಕೊಂಡವರ ಮನೆ ಸೇರಿತು.

ಸೋರ್ಸ್ ಬೇರೆ, ಅದರಿಂದ ಕಟ್ಟಿದ ವಸ್ತು ಬೇರೆ. ಎರಡಕ್ಕೂ ಪ್ರತ್ಯೇಕ ಗುರುತು ಬೇಕು, ಮಧ್ಯೆ ಯಾವ ಮಷೀನ್ ಕಟ್ಟಿತು ಅನ್ನೋ ದಾಖಲೆ ಬೇಕು. ನಾವು ಈಗ ಕೋಸೈನ್ ಅನ್ನೋ ಟೂಲ್‌ನಿಂದ ಇಮೇಜ್‌ಗೆ ಸಹಿ ಹಾಕ್ತೀವಿ, ಪ್ರೊಡಕ್ಷನ್ ಕ್ಲಸ್ಟರ್ ಸಹಿ ಇಲ್ಲದ ಇಮೇಜ್ ಒಳಗೆ ಬಿಡಲ್ಲ. ಲ್ಯಾಪ್‌ಟಾಪ್‌ನಿಂದ ತುರ್ತಾಗಿ ತಳ್ಳೋ ಅಭ್ಯಾಸ ಅಲ್ಲಿಗೆ ನಿಂತಿತು.

ದೂರದೂರು · ಗುರುವಾರ, ಬೆಳಿಗ್ಗೆ 6:40

ಒಪ್ಪಿದೆ. ಔಟ್‌ಪುಟ್‌ಟೈಮ್‌ಸ್ಟ್ಯಾಂಪ್ ಗೊತ್ತಿರಲಿಲ್ಲ, ನಾಳೆ ನಮ್ಮ ಪ್ರಾಜೆಕ್ಟ್‌ನಲ್ಲೂ ನೋಡ್ತೀನಿ.

ಕಾಫಿತೋಟ · ಗುರುವಾರ, ಬೆಳಿಗ್ಗೆ 10:15

ಎಲ್ಲರಿಗೂ ನಮಸ್ತೆ, ನಾನು ಕೆಲಸಕ್ಕೆ ಸೇರಿ ಒಂದು ವರ್ಷ. ಗಿಟ್‌ಹಬ್ ಆ್ಯಕ್ಷನ್ಸ್ (ಅದೂ ಜೆಂಕಿನ್ಸ್ ಥರದ್ದೇ) ಬಳಸ್ತೀವಿ. ಪ್ರತಿ ಜಾಬ್‌ಗೂ ಹೊಸ ಮಷೀನ್, ಹಾಗಾಗಿ ಅಪ್‌ಲೋಡ್ ಮಾಡಿ ಡೌನ್‌ಲೋಡ್ ಮಾಡ್ತೀವಿ. ಬಿಲ್ಡ್ ಜಾಬ್‌ನಲ್ಲಿ ಚೆನ್ನಾಗಿ ಓಡಿದ ಬೈನರಿ ಡಿಪ್ಲಾಯ್ ಜಾಬ್‌ನಲ್ಲಿ "ಪರ್ಮಿಷನ್ ಡಿನೈಡ್" ಅಂತ ನಿಲ್ಲುತ್ತೆ. ಯಾಕೆ ಅಂತ ತಿಳಿಯದೆ ಸದ್ಯ ಸಿಎಚ್‌ಮಾಡ್ (ಓಡಿಸೋ ಅನುಮತಿ ಕೊಡೋ ಆಜ್ಞೆ) ಸಾಲು ಸೇರಿಸಿದೀನಿ. ಇದು ಸರೀನಾ?

ಇನ್ನೊಂದು ಪ್ರಶ್ನೆ. ನಮ್ಮ ಫ್ರಂಟ್‌ಎಂಡ್ (ಬ್ರೌಸರ್‌ನಲ್ಲಿ ಓಡೋ ಭಾಗ) ರಿಯಾಕ್ಟ್, ವೀಟ್ ಅನ್ನೋ ಟೂಲ್‌ನಲ್ಲಿ ಬಿಲ್ಡ್. ಎಪಿಐ ವಿಳಾಸ (ಅದು ಮಾತಾಡೋ ಸರ್ವರ್‌ನದ್ದು) ಸ್ಟೇಜಿಂಗ್‌ಗೆ ಬೇರೆ, ಪ್ರೊಡಕ್ಷನ್‌ಗೆ ಬೇರೆ. ಆ ವೇರಿಯೇಬಲ್ ಬಿಲ್ಡ್ ಆಗೋವಾಗಲೇ ಜಾವಾಸ್ಕ್ರಿಪ್ಟ್ ಒಳಗೆ ಅಚ್ಚಾಗಿ ಹೋಗುತ್ತೆ. ಹಾಗಿದ್ದ ಮೇಲೆ ಒಂದೇ ಬಿಲ್ಡ್ ಎರಡೂ ಕಡೆ ಹೇಗೆ ಹೋಗುತ್ತೆ? ನಾವು ಎರಡು ಸಲ ಕಟ್ಟಲೇಬೇಕಲ್ವಾ?

ಕಡಲತಡಿ · ಗುರುವಾರ, ಮಧ್ಯಾಹ್ನ 12:02

ಪರ್ಮಿಷನ್‌ದ್ದು ಸುಲಭ ಉಂಟು. ಅಪ್‌ಲೋಡ್ ಆಗುವಾಗ ಜಿಪ್ ಆಗುತ್ತದೆ, ಫೈಲ್‌ನ ಪರ್ಮಿಷನ್ ಅದರಲ್ಲಿ ಉಳಿಯುವುದಿಲ್ಲ. ಫೈಲ್‌ಗಳೆಲ್ಲ 644 (ಓಡಿಸುವ ಅನುಮತಿ ಇಲ್ಲದ್ದು) ಆಗಿ ಇಳಿಯುತ್ತವೆ. ನೀವೇ ಮೊದಲು ಟಾರ್ ಮಾಡಿ, ಆ ಒಂದು ಟಾರ್ ಅಪ್‌ಲೋಡ್ ಮಾಡಿ, ಆಚೆ ಕಡೆ ಬಿಚ್ಚಿ. ಸಿಎಚ್‌ಮಾಡ್ ಸಾಲು ಬೇಡ.

ಆ ಅಪ್‌ಲೋಡ್ ಆ್ಯಕ್ಷನ್ನಿನ, 2023ರ ಡಿಸೆಂಬರ್‌ನಲ್ಲಿ ಬಂದ ನಾಲ್ಕನೇ ವರ್ಷನ್‌ನಿಂದ ಒಂದು ಹೆಸರಿಗೆ ಎರಡು ಜಾಬ್ ಅಪ್‌ಲೋಡ್ ಮಾಡಲಿಕ್ಕೆ ಆಗುವುದಿಲ್ಲ. ಮ್ಯಾಟ್ರಿಕ್ಸ್ (ಒಂದೇ ಜಾಬ್ ಹಲವು ರೂಪದಲ್ಲಿ ಓಡುವುದು) ಇದ್ದರೆ ಪ್ರತಿಯೊಂದಕ್ಕೂ ಬೇರೆ ಹೆಸರು ಕೊಡಿ. ಕಿರಿಕಿರಿ ಅನಿಸಬಹುದು, ಆದರೆ ಹಿಂದೆ ಒಂದರ ಮೇಲೆ ಒಂದು ಬರೆದು ಯಾವುದು ಉಳಿಯಿತು ಅಂತಲೇ ಗೊತ್ತಾಗುತ್ತಿರಲಿಲ್ಲ. ಮತ್ತೆ, ಇಡೀ ಫೋಲ್ಡರ್ ಅಪ್‌ಲೋಡ್ ಮಾಡಬೇಡಿ. ಚೆಕ್ಔಟ್ ಆದ ಫೋಲ್ಡರ್‌ನ ಗಿಟ್ ಕಾನ್ಫಿಗ್‌ನಲ್ಲಿ ಟೋಕನ್ ಕೂತಿರಬಹುದು, ಆರ್ಟಿಫ್ಯಾಕ್ಟ್ ಜೊತೆ ಅದೂ ಹೊರಗೆ ಹೋಗುತ್ತದೆ. ಬೇಕಾದ ಫೋಲ್ಡರ್ ಹೆಸರಿಸಿ ಅಷ್ಟೇ ಕಳಿಸಿ.

ರಾತ್ರಿಪಾಳಿ · ಗುರುವಾರ, ರಾತ್ರಿ 12:20

ಕಾಫಿತೋಟ, ನಿನ್ನ ಎರಡನೇ ಪ್ರಶ್ನೆಗೇ ಹೆಚ್ಚು ಟೀಮ್‌ಗಳು ಸಿಕ್ಕಿಬೀಳೋದು. ಬ್ಯಾಕೆಂಡ್ ಒಂದೇ ಸಲ ಕಟ್ತಾರೆ, ಫ್ರಂಟ್‌ಎಂಡ್ ಮಾತ್ರ ಊರಿಗೊಂದು ಕಟ್ತಾರೆ.

ಹೀಗೆ ಮಾಡು. ಬದಲಾಗೋ ವಿಳಾಸಗಳನ್ನ ಬಿಲ್ಡ್‌ನಿಂದ ಹೊರಗೆ ತೆಗಿ. ಒಂದು ಚಿಕ್ಕ ಕಾನ್ಫಿಗ್ ಜಾವಾಸ್ಕ್ರಿಪ್ಟ್ ಫೈಲ್ ಇರಲಿ, ಅದರಲ್ಲಿ ಎಪಿಐ ವಿಳಾಸ ಮತ್ತು ಅಂಥ ಎರಡು ಮೂರು ವಿಷಯ ಇರಲಿ. ಇಂಡೆಕ್ಸ್ ಪುಟ ಅದನ್ನ ಮುಖ್ಯ ಬಂಡಲ್‌ಗಿಂತ ಮೊದಲು ಲೋಡ್ ಮಾಡಲಿ. ಕುಬರ್ನೆಟಿಸ್ (ಕಂಟೇನರ್‌ಗಳನ್ನ ನಡೆಸೋ ವ್ಯವಸ್ಥೆ) ಇದ್ರೆ ಆ ಫೈಲನ್ನ ಕಾನ್ಫಿಗ್‌ಮ್ಯಾಪ್‌ನಿಂದ (ಅದರ ಸೆಟ್ಟಿಂಗ್ ಸಂಗ್ರಹ) ಮೌಂಟ್ ಮಾಡು. ಇಲ್ಲದಿದ್ರೆ ಕಂಟೇನರ್ ಶುರುವಾಗೋವಾಗ ಒಂದು ಸ್ಕ್ರಿಪ್ಟ್ ಎನ್ವಿರಾನ್‌ಮೆಂಟ್ ನೋಡಿ ಬರೆಯಲಿ. ಇಮೇಜ್ ಒಂದೇ, ಪಕ್ಕದ ಚೀಟಿ ಮಾತ್ರ ಬೇರೆ. ಆ ಫೈಲನ್ನ ಬ್ರೌಸರ್ ಕ್ಯಾಶ್ ಮಾಡದ ಹಾಗೆ ಹೆಡರ್ ಹಾಕೋದು ಮರೀಬೇಡ. ನಾವು ಮರೆತಿದ್ವಿ. ವಿಳಾಸ ಬದಲಾಯಿಸಿದ ಮೇಲೂ ಕೆಲವರ ಬ್ರೌಸರ್ ಎರಡು ದಿನ ಹಳೇ ಸರ್ವರ್‌ಗೇ ಹೋಗಿ ಬಡಿತಿತ್ತು.

ಇಮೇಜ್ ಸಾಗಿಸೋವಾಗ ಟ್ಯಾಗ್ ನಂಬಬೇಡ, ಡೈಜೆಸ್ಟ್ ಹಿಡಿ. "ಲೇಟೆಸ್ಟ್" ಅನ್ನೋದು ಇವತ್ತು ಒಂದಕ್ಕೆ, ನಾಳೆ ಇನ್ನೊಂದಕ್ಕೆ ಅಂಟಿಸೋ ಚೀಟಿ. ಸ್ಟೇಜಿಂಗ್ ರಿಜಿಸ್ಟ್ರಿಯಿಂದ (ಇಮೇಜ್ ಇಡೋ ಉಗ್ರಾಣ) ಪ್ರೊಡಕ್ಷನ್ ರಿಜಿಸ್ಟ್ರಿಗೆ ದಾಟಿಸೋಕೆ ಪುಲ್, ಟ್ಯಾಗ್, ಪುಶ್ ಮಾಡೋ ಬದಲು ಸ್ಕೋಪಿಯೊ ಅನ್ನೋ ಟೂಲ್‌ನ ಕಾಪಿ ಬಳಸು. ಎಎಂಡಿ, ಆರ್ಮ್ ಎರಡಕ್ಕೂ ಕಟ್ಟಿದ ಇಮೇಜ್ ಆದ್ರೆ "ಆಲ್" ಆಪ್ಷನ್ ಕೊಡು. ಇಲ್ಲದಿದ್ರೆ ಕಾಪಿ ಮಾಡೋ ಮಷೀನ್‌ಗೆ ಹೊಂದೋ ಒಂದೇ ಆರ್ಕಿಟೆಕ್ಚರ್ ದಾಟುತ್ತೆ, ಡೈಜೆಸ್ಟ್ ಬದಲಾಗುತ್ತೆ.

ಹಳೇ_ಟರ್ಮಿನಲ್ · ಶುಕ್ರವಾರ, ಬೆಳಿಗ್ಗೆ 7:50

ಒಂದು ಬಿಟ್ಟುಹೋಗಿತ್ತು. ಸರಿಯಾದ ಜಾರ್ ಕೊನೇ ಸ್ಟೇಜ್‌ವರೆಗೂ ಬಂತು ಅಂದ ಮಾತ್ರಕ್ಕೆ ಎಲ್ಲ ಸರ್ವರ್‌ನಲ್ಲೂ ಅದೇ ಓಡ್ತಿದೆ ಅಂತಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನೋ ಷೇರು ವಹಿವಾಟು ಸಂಸ್ಥೆಯಲ್ಲಿ ಆದದ್ದು ಇದೇ. ಎಂಟು ಸರ್ವರ್, ಹೊಸ ಕೋಡ್ ಏಳಕ್ಕೆ ಹೋಯ್ತು, ಎಂಟನೇದು ಉಳೀತು. ಅದರಲ್ಲಿದ್ದ, ಯಾವತ್ತೋ ಬಳಕೆ ಬಿಟ್ಟ ಹಳೇ ಕೋಡ್ ಎದ್ದು ಕೂತು ಆರ್ಡರ್ ಮೇಲೆ ಆರ್ಡರ್ ಕಳಿಸ್ತು. 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಎಂಟನೇ ಸರ್ವರ್ ನೋಡಬೇಕು ಅಂತ ಯಾರಿಗೂ ಕೆಲಸ ವಹಿಸಿರಲಿಲ್ಲ.

ಭದ್ರೆ ಮೇಡಂ, ಸ್ಪ್ರಿಂಗ್ ಬೂಟ್‌ನಲ್ಲಿ ಆಕ್ಚುವೇಟರ್‌ನ (ಓಡ್ತಿರೋ ಆ್ಯಪ್‌ನ ಸ್ಥಿತಿ ಹೇಳೋ ಭಾಗ) "ಇನ್ಫೊ" ವಿಳಾಸಕ್ಕೆ ಬಿಲ್ಡ್ ನಂಬರ್, ಕಮಿಟ್ ಎರಡೂ ಬರೋ ಹಾಗೆ ಮಾಡ್ಕೊಳ್ಳಿ. ಡಿಪ್ಲಾಯ್ ಆದ ಮೇಲೆ ಪೈಪ್‌ಲೈನ್ ಪ್ರತಿ ಸರ್ವರನ್ನೂ ಹೆಸರು ಹಿಡಿದು ಕೇಳಲಿ. ಲೋಡ್ ಬ್ಯಾಲೆನ್ಸರ್ (ಸರ್ವರ್‌ಗಳಿಗೆ ಕೆಲಸ ಹಂಚೋದು) ಮೂಲಕ ಬೇಡ, ನೇರ ಒಂದೊಂದನ್ನೂ.

ಭದ್ರೆಯ_ದಡ · ಭಾನುವಾರ, ಸಂಜೆ 6:30

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶುಕ್ರವಾರ, ಶನಿವಾರ ಕೂತು ಮಾಡಿದ್ದನ್ನ ಹೇಳ್ತೀನಿ.

ಪ್ರೊಡಕ್ಷನ್ ಸ್ಟೇಜ್‌ನ "ಎಂವಿಎನ್" ಸಾಲು ತೆಗೆದೆ. ಅಷ್ಟೇ ಅಲ್ಲ, ಆ ಸ್ಟೇಜ್ ಓಡೋ ಏಜೆಂಟ್‌ನಿಂದ ಮೇವನ್ ಅನ್ನೇ ತೆಗೆದುಹಾಕಿದ್ವಿ. ಇನ್ನು ಗಡಿಬಿಡಿಯಲ್ಲಿ ಯಾರು ಬೇಕಂದ್ರೂ ಅಲ್ಲಿ ಬಿಲ್ಡ್ ಮಾಡೋಕೆ ಆಗಲ್ಲ. ಜಾರ್ ಈಗ ನೆಕ್ಸಸ್‌ಗೆ ಒಂದೇ ಸಲ ಹೋಗುತ್ತೆ. ಸ್ಟ್ಯಾಶ್‌ನಲ್ಲಿ ದಾಟೋದು ಎರಡು ಸಾಲಿನ ಟೆಕ್ಸ್ಟ್ ಫೈಲ್, ಹೆಸರು ಮತ್ತು ಶಾ. ಪ್ರಿಸರ್ವ್‌ಸ್ಟ್ಯಾಶಸ್ 20 ರನ್‌ಗೆ ಇಟ್ಟಿದೀವಿ. ಎನ್‌ಫೋರ್ಸರ್ ಹಾಕಿದ ಕೂಡಲೇ ಬಿಲ್ಡ್ ಮುರೀತು, ನೋಡಿದ್ರೆ ನಮಗೇ ಗೊತ್ತಿಲ್ಲದ ಇನ್ನೂ ಎರಡು ಸ್ನ್ಯಾಪ್‌ಶಾಟ್ ಇದ್ವು. ಆ ಟೀಮ್‌ನವರ ಜೊತೆ ಮಾತಾಡಿ ಮೂರಕ್ಕೂ ರಿಲೀಸ್ ವರ್ಷನ್ ಮಾಡಿಸಿದ್ವಿ.

ನಿನ್ನೆ ಬೇಕಂತಲೇ ಪ್ರೊಡಕ್ಷನ್ ಸ್ಟೇಜ್ ಮಧ್ಯೆ ನಿಲ್ಲಿಸಿ, ಇವತ್ತು ಬೆಳಿಗ್ಗೆ ಅಲ್ಲಿಂದಲೇ ರೀಸ್ಟಾರ್ಟ್ ಕೊಟ್ಟೆ. ಅದೇ ಜಾರ್ ಇಳೀತು, ಶಾ ಹೊಂದಿತು. ನಾಲ್ಕೂ ಸರ್ವರ್ ಒಂದೇ ಬಿಲ್ಡ್ ನಂಬರ್ ಹೇಳಿದ್ವು. ಅಂದಿನ ಅದೇ ಬಿಲ್ ತೆಗೆದು ನೋಡಿದೆ, 1,180.00.

ಒಂದೇ ಸಂಶಯ ಉಳಿದಿದೆ. ನೆಕ್ಸಸ್‌ನಲ್ಲಿ ಜಾಗ ಉಳಿಸೋಕೆ, 60 ದಿನ ಯಾರೂ ಡೌನ್‌ಲೋಡ್ ಮಾಡದ್ದನ್ನ ಅಳಿಸು ಅಂತ ಕ್ಲೀನಪ್ ಪಾಲಿಸಿ ಹಾಕಿದೀನಿ. ಸರೀನಾ?

ರಾತ್ರಿಪಾಳಿ · ಭಾನುವಾರ, ರಾತ್ರಿ 9:05

ಮೇಡಂ, ಅದನ್ನ ಇವತ್ತೇ ತೆಗೀರಿ. ಪ್ರೊಡಕ್ಷನ್‌ನಲ್ಲಿ ಚೆನ್ನಾಗಿ ಓಡ್ತಿರೋ ಜಾರ್ ಒಂದು ಸಲ ಇಳಿದ ಮೇಲೆ ಅದನ್ನ ಯಾರೂ ಮತ್ತೆ ಇಳಿಸಲ್ಲ. 60 ದಿನ ರಿಲೀಸ್ ಮಾಡದೇ ಇದ್ರೆ ಆ ಪಾಲಿಸಿ ಅಳಿಸೋದು ಸದ್ಯ ಓಡ್ತಿರೋದನ್ನೇ. ಸರ್ವರ್ ಒಂದು ಕೆಟ್ಟು ಹೊಸದು ಎಬ್ಬಿಸಿದ ದಿನ ಅದಕ್ಕೆ ಕೊಡೋಕೆ ಜಾರ್ ಇರಲ್ಲ.

ಪ್ರೊಡಕ್ಷನ್‌ಗೆ ಹೋದವುಗಳಿಗೆ ಇನ್ನೊಂದು ರೆಪಾಸಿಟರಿ ಮಾಡಿ, ಡಿಪ್ಲಾಯ್‌ಗೆ ಮುಂಚೆ ಅದೇ ಜಾರನ್ನ ಅಲ್ಲಿಗೆ ಕಾಪಿ ಮಾಡಿ, ಆ ರೆಪಾಸಿಟರಿಗೆ ಕ್ಲೀನಪ್ ಬೇಡ. ಉಳಿದ ಬಿಲ್ಡ್‌ಗಳಿಗೆ 60 ದಿನ ಇರಲಿ.

ಭದ್ರೆಯ_ದಡ · ಭಾನುವಾರ, ರಾತ್ರಿ 9:22

ಪಾಲಿಸಿ ತೆಗೆದೆ. ರೆಪಾಸಿಟರಿ ನಾಳೆ ಬೆಳಿಗ್ಗೆ ಮಾಡ್ತೀನಿ.